ಹೊಸ್ತಿಲು ದಾಟದ ಕೊಳವೆ

ಮುಖಕ್ಕೆ ಮುಖ ಕಾಣದ ಹೊತ್ತು. ಬೀದರಿನ ಚೌಬಾರಾ ಬುರುಜಿನ ಹಿಂದಿನ ಬಾವಿಕಟ್ಟೆಯ ಮೇಲೆ ಒಂದು ಆಡು ಅಂಗಾತ ಮಲಗಿದೆ. ಹೊಟ್ಟೆ ಉಬ್ಬುತ್ತಿದೆ, ನಾಲ್ಕೂ ಕಾಲಿಗೆ ಗಂಟು ಬಿದ್ದಿದೆ, ತಲೆ ಮಾತ್ರ ಇಲ್ಲ. ತಲೆ ಇರಬೇಕಾದ ಜಾಗಕ್ಕೆ ಐವತ್ತೆರಡು ವರ್ಷದ ಮಹಮ್ಮದ ಇಸ್ಮಾಯಿಲರು ನೀರು ಸುರಿಯುತ್ತಿದ್ದಾರೆ. ಪಂಡಿತರ ನಿಘಂಟಿನಲ್ಲಿ ಮಶಕ ಎಂದರೆ ಸೊಳ್ಳೆ. ಬೀದರಿನ ಗಲ್ಲಿಗಳಲ್ಲಿ ಮಶಕ ಎಂದರೆ ಇಡೀ ಆಡಿನ ತೊಗಲಿನಿಂದ ಹೊಲಿದ ನೀರಿನ ಚೀಲ. ಎರಡೂ ಮನುಷ್ಯನ ಬೆನ್ನು ಬಿಡುವುದಿಲ್ಲ. ಸೊಳ್ಳೆ ರಕ್ತ ಹೀರುತ್ತದೆ, ಮಶಕ ಬೆನ್ನುಮೂಳೆಯನ್ನು.

ತುಂಬಿದೊಡನೆ ಇಸ್ಮಾಯಿಲರು ಮಶಕದ ಕತ್ತನ್ನು ಎಡಗೈಯಲ್ಲಿ ಹಿಂಡಿ, ಮೇಲಕ್ಕೆತ್ತಿ, ಪಟ್ಟಿಯನ್ನು ಹೆಗಲಿಗೇರಿಸಿ ಒಂದೇ ಉಸಿರಿಗೆ ಏಳುತ್ತಾರೆ. ಕತ್ತು ಮೇಲಿರುವ ತನಕ ಒಂದು ಹನಿ ಚೆಲ್ಲುವುದಿಲ್ಲ. "ಇದಕ್ಕ ಬಿರಡಿ ಇಲ್ಲ, ಮುಚ್ಚಳ ಇಲ್ರಿ. ಕತ್ತು ಮ್ಯಾಲ ಇತ್ತಂದ್ರ ನೀರ ಕುಂದ್ರತದ. ಕೆಳಗ ಬಿಟ್ರ ಹೋಗ್ತದ. ನಮ್ಮಪ್ಪ ಕಲಿಸಿದ್ದು ಇಷ್ಟೇ," ಎನ್ನುತ್ತಾರೆ. ಮಾತಾಡುವಾಗಲೂ ಕಾಲು ನಿಲ್ಲುವುದಿಲ್ಲ. ಹೊರೆ ಹೊತ್ತವರು ನಿಂತರೆ ಹೊರೆ ಹೆಚ್ಚಾಗುತ್ತದಂತೆ.

ಈಗೀಗ ಇಡೀ ಊರೇ ತುದಿಗಾಲ ಮೇಲೆ ನಿಂತಿದೆ. ಪೋಲೀಸ್ ಆಕ್ಷನ್ ಆಗಿ ನಾಲ್ಕು ವರ್ಷವಾಯಿತು. ನಿಜಾಮರ ಸರಕಾರ ಹೋಯಿತು, ಸರಕಾರದ ಗಡಿಬಿಡಿ ಮಾತ್ರ ಕುರ್ಚಿ ಬಿಟ್ಟಿಲ್ಲ. ಉರ್ದುವಿನಲ್ಲಿ ಹುಕುಂ ಬರೆಯುತ್ತಿದ್ದ ಗುಮಾಸ್ತರು ಈಗ ಪಾಟಿ ಬಳಪ ಹಿಡಿದು ಕನ್ನಡದ ಒತ್ತಕ್ಷರಕ್ಕೆ ಒದ್ದಾಡುತ್ತಿದ್ದಾರೆ. ಭಾಲ್ಕಿ, ಔರಾದಗಳು ನಾಳೆ ಯಾವ ಪ್ರಾಂತಕ್ಕೆ ಸೇರುತ್ತವೆ ಎಂದು ಹೊಟೇಲುಗಳಲ್ಲಿ ಮರಾಠಿ ಬಾಯಿ, ಕನ್ನಡ ಬಾಯಿ ಎರಡೂ ಚಹಾ ಆರುವ ತನಕ ವಾದಿಸುತ್ತವೆ. ಇಸ್ಮಾಯಿಲರ ಗಲ್ಲಿಯಲ್ಲಿ ಒಂಬತ್ತು ಮನೆಗಳಿಗೆ ಬೀಗ. ಕೆಲವರು ಹೈದರಾಬಾದಿಗೆ ಹೋದರು, ಇಬ್ಬರು ಅದಕ್ಕೂ ಆಚೆಗೆ. ಉಳಿದವರು ದಿನಾ ಬೆಳಿಗ್ಗೆ ಹೊರಡಲೋ ಇರಲೋ ಎಂದು ಕೇಳಿಕೊಂಡು, ಉತ್ತರ ಸಿಗದೆ, ಕೆಲಸಕ್ಕೆ ಹೋಗುತ್ತಾರೆ.

ಇದರ ನಡುವೆ ನಳ ಬಂದಿದೆ. ನಳ ಬಂದಲ್ಲಿ ಹೆಂಗಸರಿಗೆ ಕಳೆ, ಇಸ್ಮಾಯಿಲರಿಗೆ ಕಳವಳ. ಮೊದಲು ಇಪ್ಪತ್ತೆರಡು ಮನೆ, ದಿನಕ್ಕೆ ನಲವತ್ತು ಮಶಕ. ಈಗ ಏಳು ಮನೆ, ಹದಿನಾಲ್ಕು ಮಶಕ. ಏಳರಲ್ಲಿ ಆರು ಮನೆ ಇವತ್ತೋ ನಾಳೆಯೋ ಎನ್ನುವಂಥವು. ಏಳನೆಯದು ದಾಲಿನ ಅಡತಿ ವ್ಯಾಪಾರಿ ಶಿವರಾಜಪ್ಪನವರ ಮನೆ. ಅದು ಇನ್ನೊಂದು ಗಲ್ಲಿಯ ತುದಿಯ ಏರಿನ ಮೇಲಿದೆ. ನಳದ ನೀರು ಅಲ್ಲಿಯ ತನಕ ಏರುವುದಿಲ್ಲ. ಅದೊಂದು ಮನೆ ಇರುವ ತನಕ ಇಸ್ಮಾಯಿಲರು ಬೀದರಿನಲ್ಲಿರುತ್ತಾರೆ. ಅದೂ ಹೋದರೆ, ಹೈದರಾಬಾದಿನ ಹೊಟೇಲೊಂದರಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸಕ್ಕೆ ತಮ್ಮ ಯುನುಸ ಜಾಗ ಹಿಡಿದಿಟ್ಟಿದ್ದಾನೆ. ಶುಕ್ರವಾರದ ತನಕ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಎಂದು ಹೇಳಿ ಕಳಿಸಿದ್ದಾನೆ.

"ಮೂರು ಸಲ ಗಂಟು ಕಟ್ಟೀನಿ, ಮೂರು ಸಲ ಬಿಚ್ಚೀನಿ," ಎನ್ನುತ್ತಾರೆ ಇಸ್ಮಾಯಿಲರ ಹೆಂಡತಿ ಮುನವ್ವರ ಬೇಗಂ. ಮನೆಯಲ್ಲಿ ದಖನಿ ಉರ್ದು, ಹೊಸ್ತಿಲ ಹೊರಗೆ ಕನ್ನಡ. "ಇವರು ಹೋಗೂನೂ ಅನ್ನೂದಿಲ್ಲ, ಬ್ಯಾಡಾನೂ ಅನ್ನೂದಿಲ್ಲ. ಅಡಗಿ ಮಾಡಾಕ ಹ್ವಾದ್ರ ತವಾ ಗಂಟಿನಾಗ ಇರ್ತದ. ನಾ ಏನ ಮಾಡ್ಲಿ, ಗಂಟಿನ ಮ್ಯಾಲ ರೊಟ್ಟಿ ಸುಡ್ಲ್ಯಾ?"

ಆ ಏಳನೆಯ ಮನೆಗೆ ಹೋದ ತಿಂಗಳು ಒಂದು ಮಷಿನ್ ಬಂತು. ಸಿಕಂದರಾಬಾದಿನಲ್ಲಿ ಊರು ಬಿಡುತ್ತಿದ್ದ ಯಾವನೋ ಗೋರಾ ಸಾಹೇಬನ ಸಾಮಾನು ಲಿಲಾವಿನಲ್ಲಿ ಹರಾಜಿಗೆ ಬಂದಾಗ ಶಿವರಾಜಪ್ಪನವರು ಕೈ ಎತ್ತಿದರು. ಅವರು ಎತ್ತಿದ್ದು ಬೆವರು ಒರೆಸಲಿಕ್ಕೆ ಎಂದು ಅವರ ತಾಯಿ ಗುಂಡಮ್ಮನವರು ಇವತ್ತಿಗೂ ಹೇಳುತ್ತಾರೆ. ಬಟ್ಟೆ ಒಗೆಯುವ ಮಷಿನ್ ಅದು. ನಾಲ್ಕು ಕಾಲಿನ ಮೇಲೊಂದು ತಗಡಿನ ಡೋಣಿ, ನೀರಿನ ತೊಟ್ಟಿಯಂಥದು, ಪಕ್ಕಕ್ಕೆ ಒಂದು ಹಿಡಿಕೆ. ಹಿಡಿಕೆಯನ್ನು ಆಚೆ ಈಚೆ ಎಳೆದರೆ ಒಳಗೆ ಹಲಗೆ ತಿರುಗಿ ಬಟ್ಟೆಯನ್ನು ಕುಲುಕುತ್ತದೆ. ಡೋಣಿಯ ತಳಕ್ಕೆ ಒಂದು ತೂತು, ತೂತಿಗೆ ಒಂದು ಮೊಳದ ರಬ್ಬರ ಕೊಳವೆ. ಮಷಿನ್ ತಂದವರು ಶಿವರಾಜಪ್ಪ, ಹಿಡಿಕೆ ಎಳೆಯುವವರು ಅವರ ಹೆಂಡತಿ ರುಕ್ಮಿಣಿಬಾಯಿ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದೂ ಹೀಗೆಯೇ ಎಂದು ಆಕೆ ಹೇಳುವುದಿಲ್ಲ, ಎಳೆಯುತ್ತಾ ಸುಮ್ಮನೆ ನಗುತ್ತಾರೆ.

ಹಿತ್ತಲ ಬಾಗಿಲಿನಲ್ಲಿ ಮಷಿನ್ ತೂರಲಿಲ್ಲ. ತೂರಿದ್ದರೂ ಶಿವರಾಜಪ್ಪನವರು ಬಿಡುತ್ತಿರಲಿಲ್ಲ. ಹಿತ್ತಲಲ್ಲಿಟ್ಟರೆ ನೋಡುವವರು ಯಾರು? ಹಾಗಾಗಿ ಅದು ಮುಂದಿನ ಪಡಸಾಲೆಯಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ ಕೂತಿತು. ಮೊದಲ ದಿನ ನೀರು ತುಂಬಿಸಿದರು. ತುಂಬಿಸಿದಷ್ಟೂ ನೆಲಕ್ಕೆ ಹರಿಯಿತು. ಡೋಣಿ ಒಡೆದಿದೆ ಎಂದು ತಿಳಿದು ಕಂಚಗಾರನನ್ನು ಕರೆಸಿ ತಳಕ್ಕೆಲ್ಲ ಡಾಂಬರು ಬಳಿಸಿದರು. ಮತ್ತೆ ತುಂಬಿಸಿದರು, ಮತ್ತೆ ಹರಿಯಿತು. ಈ ಸಲ ನೀರು ದೇವರ ಕೋಣೆಯ ತನಕ ಹೋಗಿ ಬಂತು.

ಮಶಕ ಇಳಿಸಲು ಬಂದಿದ್ದ ಇಸ್ಮಾಯಿಲರು ಹಿತ್ತಲ ಬಾಗಿಲಿಂದಲೇ ಇಣುಕಿ ನೋಡಿದರು.

"ಸಾಹೇಬ್ರೆ, ಡೋಣಿ ಒಡದಿಲ್ರಿ. ಕೊಳವಿ ನೆಲದ ಮ್ಯಾಲ ಬಿದ್ದದ. ಕತ್ತು ಮ್ಯಾಲ ಎತ್ರಿ."

"ಕತ್ತು? ಯಾರದು?"

"ಮಷಿನಿಂದ್ರಿ."

ಶಿವರಾಜಪ್ಪನವರು ಕೊಳವೆಯ ತುದಿಯನ್ನು ಡೋಣಿಯ ಅಂಚಿಗಿಂತ ಮೇಲಕ್ಕೆ ಎತ್ತಿ ಹಿಡಿದರು. ನೀರು ನಿಂತಿತು. ಕೊಳವೆಯನ್ನು ಅಂಚಿಗೆ ತೂಗು ಹಾಕುವ ಕೊಂಡಿಯೊಂದು ಲಿಲಾವಿನಲ್ಲೇ ಎಲ್ಲೋ ಕಳೆದುಹೋಗಿತ್ತು. ಡಾಂಬರು ಬಳಿಸಿದ್ದ ವ್ಯಾಪಾರಿ ಕೈಯಲ್ಲಿ ಕೊಳವೆ ಹಿಡಿದು ಶಿವಪೂಜೆಗೆ ನಿಂತವರ ಹಾಗೆ ನಿಂತರು. ಗುಂಡಮ್ಮನವರು ಮಗನನ್ನು ಮೇಲಿಂದ ಕೆಳಗೆ ನೋಡಿ, "ನಿನಗಿಂತ ಆ ಆಡು ಶಾಣ್ಯಾ ಇತ್ತು," ಎಂದರು.

ನಿಲ್ಲಿಸುವುದು ಗೊತ್ತಾಯಿತು. ಹೊರಗೆ ಬಿಡುವುದು ಎಲ್ಲಿ? ಒಂದು ಮೊಳದ ಕೊಳವೆ ಪಡಸಾಲೆಯ ನಡುವಿಗೆ ಬರುತ್ತದೆ. ರುಕ್ಮಿಣಿಬಾಯಿ ಎರಡು ವಾರ ಸಾಬೂನಿನ ನೀರನ್ನು ತಂಬಿಗೆಯಿಂದ ತೋಡಿ ಬಕೀಟಿಗೆ, ಬಕೀಟಿನಿಂದ ಬಚ್ಚಲಿಗೆ ಹೊತ್ತರು. "ಕೈಲೆ ಒಗದ್ರ ಒಂದು ತಾಸು. ಮಷಿನ್‌ದಾಗ ಒಗದು ನೀರ ಹೊರಾಕ ಎರಡು ತಾಸು. ಇವರು ಇದಕ್ಕ ಸುಧಾರಣಾ ಅಂತಾರ," ಎಂದರು ಆಕೆ. ಕಡೆಗೆ ಗುಂಡಮ್ಮನವರು ತೀರ್ಪು ಕೊಟ್ಟರು. ಗುರುವಾರದೊಳಗೆ ಹೊಲಸು ನೀರು ತಾನಾಗಿ ಹೊರಗೆ ಹೋಗಬೇಕು. ಇಲ್ಲವಾದರೆ ಮಷಿನ್ ಔರಾದದ ಹೊಲದ ಮನೆಗೆ, ಜೋಳ ತುಂಬಿಡಲಿಕ್ಕೆ. ಬಟ್ಟೆ ಮೊದಲಿನ ಹಾಗೆ ಅಗಸರ ಕತ್ತೆಯ ಮೇಲೆ ಹಳ್ಳಕ್ಕೆ.

ಹಾಗಾದರೆ ಇಸ್ಮಾಯಿಲರಿಗೆ ಈ ಮನೆಯಲ್ಲಿ ಉಳಿಯುವುದು ತುಳಸಿಗಿಡದ ನೀರೂ ಅಲ್ಲ, ಹಿತ್ತಲ ಎಮ್ಮೆಯ ನೀರು, ಅದೂ ದಿನಕ್ಕೆ ಒಂದು ಮಶಕ. ಮಷಿನ್ ಇದ್ದರೆ ಒಗೆಯುವ ದಿನ ಒಂಬತ್ತು ಮಶಕ, ವಾರಕ್ಕೆ ಎರಡು ಸಲ. ಗುರುವಾರ ಮತ್ತು ಶುಕ್ರವಾರದ ನಡುವೆ ಒಂದೇ ಹಗಲಿನ ಅಂತರ ಎಂದು ಇಸ್ಮಾಯಿಲರಿಗೆ ಹೆಂಡತಿ ಹೇಳಿಕೊಡಬೇಕಾಗಿರಲಿಲ್ಲ.

"ಕೊಳವಿ ನಾ ಉದ್ದ ಮಾಡಿ ಕೊಡ್ತೇನಿ," ಎಂದರು ಶಿವರಾಜಪ್ಪನವರಿಗೆ.

"ರಬ್ಬರ ಇಲ್ಲಿ ಎಲ್ಲಿ ಸಿಗ್ತದೋ ಇಸ್ಮಾಯಿಲ ಭಾಯಿ? ಹೈದರಾಬಾದಕ್ಕ ಬರಿಬೇಕು."

"ರಬ್ಬರ ಯಾಕ್ರಿ. ಆಡು ಅದಾವಲ್ಲ."

ಮೂರು ದಿನ ಅವರು ಬಾವಿಯಿಂದ ಮನೆಗೆ, ಮನೆಯಿಂದ ಬಾವಿಗೆ ಓಡಾಡುತ್ತಲೇ ಹೊಲಿದರು. ಭಾಲ್ಕಿಯಿಂದ ತರಿಸಿದ ಹದ ಮಾಡಿದ ತೊಗಲು. ಅದನ್ನು ಅಂಗೈ ಅಗಲದ ಪಟ್ಟಿಯಾಗಿ ಸೀಳಿ, ಮಡಚಿ, ಮೇಣ ಹಚ್ಚಿದ ದಾರದಿಂದ ಜೋಡು ಹೊಲಿಗೆ. ಹಸಿ ಇರುವಾಗಲೇ ಒಳಗೆ ಉಸುಕು ತುಂಬಿ ಒಣಗಿಸಿದರೆ ಅದು ಗುಂಡಗೆ ನಿಲ್ಲುತ್ತದೆ, ಚಪ್ಪಟೆಯಾಗಿ ಕುತ್ತಿಗೆ ಹಿಸುಕಿಕೊಳ್ಳುವುದಿಲ್ಲ. ರಬ್ಬರನ್ನೂ ತೊಗಲನ್ನೂ ಕೂಡಿಸಲು ನಡುವೆ ಗೇಣುದ್ದದ ಬಿದಿರು. ಇಲ್ಲಿ ಇಸ್ಮಾಯಿಲರ ಬಿಗಿ ನಿಯಮಗಳಿವೆ. "ಬಿದಿರಿನ ತೂತು ರಬ್ಬರಿಗಿಂತ ಸಣ್ಣ ಇರಬಾರ್ದು. ಇತ್ತಂದ್ರ ನೂಲು, ಕೂದಲ ಅಲ್ಲೇ ಸಿಗತಾವ. ನೀರ ಬರೋ ಕಡಿದು ಒಳಗ, ಹೋಗೋ ಕಡಿದು ಹೊರಗ ಇರಬೇಕು. ಉಲ್ಟಾ ಮಾಡಿದ್ರ ಸಂದಿನಾಗ ಸೋರ್ತದ. ಹೊಲಿಗಿ ಮಾರಿ ಯಾವಾಗ್ಲೂ ಮ್ಯಾಲ. ಹೊಲಿಗಿ ಕೆಳಗಾತು ಅಂದ್ರ ನೀರ ಅದರ ಮ್ಯಾಲ ಕುಂತು ದಾರ ತಿನ್ತದ."

ಪಡಸಾಲೆಯಿಂದ ಹಿತ್ತಲ ಬಚ್ಚಲಿಗೆ ಹನ್ನೆರಡು ಮೊಳ. ಬುಧವಾರ ಮುಂಜಾನೆ ಹನ್ನೆರಡು ಮೊಳದ ಕೊಳವೆಯನ್ನು ಹಾವಾಡಿಗನ ಹಾಗೆ ಸುತ್ತಿಕೊಂಡು ಮುಂಬಾಗಿಲಿನಿಂದ ಪಡಸಾಲೆಗೆ ಬಂದರು. ಮಷಿನಿಗೆ ಬಿಗಿದರು. ನೆಲದ ಮೇಲೆ ಎಳೆಯುತ್ತ ಎಳೆಯುತ್ತ ಒಳಬಾಗಿಲಿಗೆ ಬಂದಾಗ ಗುಂಡಮ್ಮನವರು ಹೊಸ್ತಿಲ ಒಳಗಡೆ ಕೂತಿದ್ದರು.

"ಎಲ್ಲಿಗಿ ಇದು?"

"ಬಚ್ಚಲಕ್ಕ ಆಯಿ."

"ಹ್ಯಾಂಗ ಹೋಗ್ತದ?"

ಇಸ್ಮಾಯಿಲರು ಹೊಸ್ತಿಲನ್ನು ನೋಡಿದರು. ಬೆಳಿಗ್ಗೆ ಹಚ್ಚಿದ ವಿಭೂತಿಯ ಮೂರು ಗೆರೆ ಇನ್ನೂ ಹಸಿಯಾಗಿದ್ದವು. ಮೂವತ್ತು ವರ್ಷದಿಂದ ಅವರು ಈ ಮನೆಗೆ ನೀರು ಹಾಕುತ್ತಿದ್ದಾರೆ. ಹಿತ್ತಲಿನಿಂದ ಬಂದು, ಹಿತ್ತಲಿನ ಡೋಣಿಗೆ ಸುರಿದು, ಹಿತ್ತಲಿನಿಂದಲೇ ಹೋಗಿದ್ದಾರೆ. ತೊಗಲಿನ ನೀರು ಅಡಿಗೆಗೆ ಸಲ್ಲದು, ತೊಗಲು ಒಳಬಾಗಿಲ ಹೊಸ್ತಿಲು ದಾಟದು. ಅಡಿಗೆಯ ನೀರು ರುಕ್ಮಿಣಿಬಾಯಿಯ ತಾಮ್ರದ ಕೊಡದಲ್ಲಿ ಬರುತ್ತದೆ. ಮೂವತ್ತು ವರ್ಷ ಮರೆಯದಿದ್ದದ್ದು ಗಡಿಬಿಡಿಯ ಮೂರು ದಿನದಲ್ಲಿ ಮರೆತುಹೋಗಿತ್ತು.

"ಒಳಗ ಬರೋ ನೀರಲ್ಲ ಆಯಿ. ಹೊರಗ ಹೋಗೋದು."

"ಹೊರಗ ಹೋಗೋದಕ್ಕೂ ಒಂದು ದಾರಿ ಇರ್ತದ. ಮನಿ ಸೊಸಿ ದಾಟೋ ಹೊಸ್ತಿಲ ಮ್ಯಾಲ ಕೊಳಚಿ ದಾಟ್ತದೇನು? ನಾ ಸತ್ತ ಮ್ಯಾಲ ಏನರ ಮಾಡ್ಕೋರಿ. ನಾ ಇರೋತನ ಇಲ್ಲಿ ಈಬತ್ತಿ ಬೀಳ್ತದ, ಬ್ಯಾರೆ ಏನೂ ಬೀಳೂದಿಲ್ಲ."

ಶಿವರಾಜಪ್ಪನವರು, "ಅವ್ವಾ, ಕಾಲ ಬದಲಾಗ್ಲತ್ತದ," ಎಂದರು.

"ಬದಲಾಗ್ಲಿ. ನಿನ್ನ ಕಾಲು ಮೊದಲ ತೊಳಕೊ, ಡಾಂಬರ ಅದ."

ಹಾಗೆ ನೋಡಿದರೆ ನೀರಿನ ಮಾತೂ ಗುಂಡಮ್ಮನವರ ಕಡೆಗೇ ಇತ್ತು. ಹೊಸ್ತಿಲು ನೆಲದಿಂದ ಒಂದು ಗೇಣು ಎತ್ತರ. ಡೋಣಿಯ ನೀರು ತಗ್ಗುತ್ತ ಬಂದಾಗ ಕೊಳವೆಯಲ್ಲಿ ಆ ದಿಬ್ಬ ಹತ್ತುವ ನೂಕು ಉಳಿಯುವುದಿಲ್ಲ, ಕಡೆಯ ನೀರು ಒಳಗೇ ನಿಂತು ನಾರುತ್ತದೆ. ಮುಂಬಾಗಿಲಿಗೂ ಹೊಸ್ತಿಲು, ಅದು ಇದಕ್ಕಿಂತ ಎತ್ತರ, ಅದಕ್ಕೂ ವಿಭೂತಿ. ಶಾಸ್ತ್ರವೂ ಇಳಿಜಾರೂ ಒಂದೇ ಪಕ್ಷಕ್ಕೆ ಸೇರಿದ ಮೇಲೆ ಎದುರು ನಿಲ್ಲುವವರು ಯಾರು?

ಇಸ್ಮಾಯಿಲರು ಹನ್ನೆರಡು ಮೊಳವನ್ನು ಸುತ್ತಿದರು. ಹೋಗಲಿಲ್ಲ. ಪಡಸಾಲೆಯ ಗೋಡೆಗುಂಟ ಆ ಮೂಲೆಯಿಂದ ಈ ಮೂಲೆಗೆ ನಡೆದರು, ತಿರುಗಿ ನಡೆದರು. ರುಕ್ಮಿಣಿಬಾಯಿ, "ಕುಂದ್ರು ಚಾಚಾ, ಚಹಾ ಕುಡಿ," ಎಂದರೂ ಕೂರಲಿಲ್ಲ. ಬೀದರಿನ ಹಳೆಯ ಮನೆಗಳ ನೆಲ ಬರಿಗಣ್ಣಿಗೆ ಸಮ, ನೀರಿಗೆ ಸಮವಲ್ಲ. ತೊಳೆದ ನೀರು ಹೋಗಲೆಂದು ಕಟ್ಟಿದವರು ಎಲ್ಲೋ ಒಂದು ಕಡೆ ವಾಟ, ಸಣ್ಣ ಇಳಿಜಾರು, ಇಟ್ಟಿರುತ್ತಾರೆ. ಇಸ್ಮಾಯಿಲರು ತಂಬಿಗೆಯಿಂದ ಸ್ವಲ್ಪ ನೀರು ಚೆಲ್ಲಿ ನೋಡಿದರು. ನೀರು ನಿಧಾನಕ್ಕೆ ಗಲ್ಲಿಯ ಕಡೆಯ ಮೂಲೆಗೆ ಸರಿದು, ಗೋಡೆಗೆ ತಾಕಿ, ದಾರಿ ಕಾಣದೆ ನಿಂತಿತು. ಗೋಡೆಯ ಬುಡದಲ್ಲಿ ಅಂಗೈಯಗಲ ಸುಣ್ಣದ ಬಣ್ಣ ಬೇರೆ.

"ಆಯಿ, ಇಲ್ಲಿ ತೂಬಿತ್ತೇನು?"

ಗುಂಡಮ್ಮನವರು ಕೂತಲ್ಲಿಂದಲೇ ಆ ಮೂಲೆ ನೋಡಿದರು. "ಇತ್ತು," ಎಂದರು. "ನಾನ ಮುಚ್ಚಿದ್ದು. ರಜಾಕಾರ ಗದ್ದಲದಾಗ. ದೀಪ ಹೊರಗ ಕಾಣಬಾರ್ದು, ಕೂಸಿನ ಅಳು ಕೇಳಬಾರ್ದು ಅಂತ. ನಿಮ್ಮ ಮಂದಿಗಿ ಅಂಜಿ."

"ನಮ್ಮ ಮನಿ ಕಿಡಕಿ ನಾ ಮುಚ್ಚಿದ್ದೂ ಅದೇ ವರ್ಷ ಆಯಿ. ಆಕ್ಷನ್ ಆದ ಮ್ಯಾಲ," ಎಂದರು ಇಸ್ಮಾಯಿಲರು. "ನಿಮ್ಮ ಮಂದಿಗಿ ಅಂಜಿ."

ಶಿವರಾಜಪ್ಪನವರು ಕೆಮ್ಮಿದರು.

"ನೀ ಏನ ಹಾಕಿ ಮುಚ್ಚಿದ್ದಿ?" ಗುಂಡಮ್ಮನವರು ಕೇಳಿದರು.

"ಕಲ್ಲು, ಸುಣ್ಣ."

"ನಾ ಸುಣ್ಣಕ್ಕ ಬೆಲ್ಲಾನೂ ಹಾಕಿದ್ದೆ. ಗಟ್ಟಿ ಆಗ್ಲಿ ಅಂತ."

ಇಸ್ಮಾಯಿಲರು ಬಿದಿರು ಕೊರೆಯಲು ತಂದಿದ್ದ ಉಳಿಯನ್ನು ಆ ಸುಣ್ಣಕ್ಕೆ ಊರಿ ನೋಡಿದರು. ಜಾರಿತು. "ಭಾಳ ಹಾಕೀರಿ ಆಯಿ."

"ಭಾಳ ಅಂಜಿಕಿ ಇತ್ತು."

ಆಕೆ ಎದ್ದು ಒಳಗೆ ಹೋದರು. ರುಕ್ಮಿಣಿಬಾಯಿ ಗಂಡನನ್ನು ನೋಡಿದರು, ಗಂಡ ಮಷಿನನ್ನು ನೋಡಿದರು, ಮಷಿನ್ ಯಾರನ್ನೂ ನೋಡಲಿಲ್ಲ. ಇಸ್ಮಾಯಿಲರು ಉಳಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದರು. "ಆವಾಗ ನನಗ ಹೈದರಾಬಾದಿನ ಮೋಟಾರ್ ಕಣ್ಣ ಮುಂದ ಬಂತ್ರಿ," ಎಂದು ಈಗ ನೆನೆಯುತ್ತಾರೆ. ಗುಂಡಮ್ಮನವರು ಹೊರಗೆ ಬಂದಾಗ ಕೈಯಲ್ಲಿ ಕಬ್ಬಿಣದ ಹಾರೆ ಇತ್ತು.

"ಉಳಿಗಿ ಆಗೂದಿಲ್ಲ. ಹಾರಿ ತಗೊ."

ಮಧ್ಯಾಹ್ನದ ಹೊತ್ತಿಗೆ ತೂಬು ಬಿಚ್ಚಿಕೊಂಡಿತು. ಪಡಸಾಲೆಯ ನೆಲಕ್ಕೆ ಗಲ್ಲಿಯ ಬಿಸಿಲು ಒಂದು ರೊಟ್ಟಿಯಷ್ಟು ಬಿತ್ತು. ಹೊರಗಿನಿಂದ ಒಂದು ಕೋಳಿ ಇಣುಕಿ ನೋಡಿ, ಒಳಗಿನ ಪರಿಸ್ಥಿತಿ ತನಗೆ ಒಪ್ಪಿಗೆಯಿಲ್ಲ ಎಂಬಂತೆ ಹೋಯಿತು. ಗಲ್ಲಿ ಪಡಸಾಲೆಗಿಂತ ಎರಡು ಮೊಳ ತಗ್ಗು. ಮಷಿನಿನಿಂದ ತೂಬಿಗೆ ಬೇಕಾದದ್ದು ನಾಲ್ಕೇ ಮೊಳ. ಹನ್ನೆರಡರಲ್ಲಿ ಎಂಟನ್ನು ಇಸ್ಮಾಯಿಲರು ಕತ್ತರಿಸಿ ಪಕ್ಕಕ್ಕಿಟ್ಟರು.

ಕೊಳವೆಯ ತುದಿಯನ್ನು ತೂಬಿನಲ್ಲಿ ಬಿಗಿಯಾಗಿ ತುರುಕಿ ಸುತ್ತ ಮಣ್ಣು ಮೆತ್ತಬೇಕೆಂದು ಶಿವರಾಜಪ್ಪನವರ ಸಲಹೆ. ಇಸ್ಮಾಯಿಲರು ಎರಡು ಬೆರಳು ಸಂದು ಬಿಟ್ಟರು. "ಗಾಳಿ ಆಡಬೇಕ್ರಿ. ಕೊಳವಿ ಬಾಯಿ ಮೋರಿ ನೀರಾಗ ಮುಳುಗಬಾರ್ದು. ಮುಳುಗಿತಂದ್ರ ಹೋದದ್ದು ಹೊಳ್ಳಿ ಮಷಿನಿಗೆ ಬರ್ತದ. ಮಶಕದ ಬಾಯಿ ಬಾವಿಗಿ ಅದ್ದಿ ಯಾರರ ಬಿಡ್ತಾರೇನು?" ಡೋಣಿಯ ಅಂಚಿಗೆ ಕಬ್ಬಿಣದ ಸರಳು ಬಾಗಿಸಿ ಕೊಂಡಿ ಮಾಡಿದರು. ಒಗೆಯುವಾಗ ಬಿದಿರಿನ ಕೂಡು ಕೊಂಡಿಯ ಮೇಲೆ; ಒಗೆದ ಮೇಲೆ ಇಳಿಸಿ ನೆಲಕ್ಕೆ.

ಗುರುವಾರ ಒಂಬತ್ತು ಮಶಕ. ರುಕ್ಮಿಣಿಬಾಯಿ ಹಿಡಿಕೆ ಎಳೆದರು. ತಗಡು ಗಡಗಡ ನಡುಗಿತು, ಡೋಣಿ ಕುಣಿಯಿತು, ಕೊಂಡಿಯ ಮೇಲಿನ ಕತ್ತು ಅಲುಗಲಿಲ್ಲ. ಇಳಿಸಿದರು. ಕೊಳವೆ ಹೊಟ್ಟೆ ಉಬ್ಬಿಸಿಕೊಂಡು, ಒಂದು ಸಲ ತೇಗಿ, ಹರಿಯತೊಡಗಿತು. ಮಷಿನಿನ ಬಾಯಿ, ಕೊಳವೆಯ ಬಾಯಿ, ರುಕ್ಮಿಣಿಬಾಯಿ, ಮೂರರಲ್ಲಿ ಆ ಹೊತ್ತು ಮಾತು ನಿಂತದ್ದು ಮೂರನೆಯದಕ್ಕೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಮೊದಲ ಸಲ ಕೂತರು. ಇಸ್ಮಾಯಿಲರು ಹೊರಗೆ ಗಲ್ಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬೀಳುವ ನೀರು ನೋಡುತ್ತಿದ್ದರು. ಒಳಗೆ ಬಂದಾಗ ಬಿದಿರಿನ ಕೂಡಿನ ಹತ್ತಿರ ಒಂದು ಹನಿ ಕಂಡಿತು. ದಾರಕ್ಕೆ ಇನ್ನೊಂದು ಸುತ್ತು ಹಾಕಿದರು. ಮತ್ತೆ ಕಾಣಲಿಲ್ಲ.

ಗುಂಡಮ್ಮನವರು ನೆಲ ಮುಟ್ಟಿ ನೋಡಿದರು. ಒಣಗಿತ್ತು. "ಈ ತೊಗಲಿಗಿ ಎಷ್ಟು ದಿನ ಬಾಳ್ವಿ?"

"ಸಾಬೂನ ಕುಡೀತದಲ್ಲ ಆಯಿ, ಬಿರುಸಾಗ್ತದ. ವಾರಕ್ಕೊಮ್ಮಿ ಎಣ್ಣಿ ತಿಕ್ಕಬೇಕು. ಹೊಲಿಗಿ ನೋಡಬೇಕು."

"ಹಂಗಾದ್ರ ವಾರಾ ಬಾ." ಹೊಲಿಗೆ ಹಾಕಿದವರಿಗೆ ಆ ದಿನ ಹೋಳಿಗೆ ಹಾಕಿದರು, ಹಿತ್ತಲ ಕಟ್ಟೆಯ ಮೇಲೆ, ಎಲೆಯಲ್ಲಿ. ಹೊಸ್ತಿಲು ಅದೇ ಜಾಗದಲ್ಲಿದೆ. ಯಾರೂ ಅದನ್ನು ಸರಿಸಿಲ್ಲ.

ಶುಕ್ರವಾರ ಬಂತು, ಹೋಯಿತು. ಹೈದರಾಬಾದಿಗೆ ಹೋಗುವ ಮೋಟಾರಿನವನ ಕೈಯಲ್ಲಿ ತಮ್ಮನಿಗೆ ಇಸ್ಮಾಯಿಲರು ಹೇಳಿ ಕಳಿಸಿದ್ದು ಇಷ್ಟು: ಸೋಮವಾರ ಬಟ್ಟೆ ಇವೆ, ಬರಲಾಗುವುದಿಲ್ಲ. ಮುನವ್ವರ ಬೇಗಂ ತವಾ ತೆಗೆದು ಒಲೆಯ ಮೇಲಿಟ್ಟರು. "ಗಂಟಿನ ಬಟ್ಟಿ ಪೂರಾ ಬಿಚ್ಚಿಲ್ಲ," ಎನ್ನುತ್ತಾರೆ. "ಅರ್ಧಾ ಬಿಚ್ಚೀನಿ. ಇನ್ನರ್ಧಾ ಎರಡು ತಿಂಗಳ ನೋಡಿ ಬಿಚ್ಚತೇನಿ."

ಕತ್ತರಿಸಿ ಉಳಿದ ಎಂಟು ಮೊಳ ಈಗ ಭಾಲ್ಕಿಯಲ್ಲಿದೆ. ಅಲ್ಲಿಯ ಹೊಟೇಲಿನವರೊಬ್ಬರು ದಾಲು ಕೊಳ್ಳಲು ಬಂದಾಗ ಪಡಸಾಲೆಯಲ್ಲಿ ಮಷಿನಿಗಿಂತ ಕೊಳವೆಯನ್ನೇ ಹೆಚ್ಚು ನೋಡಿ, ತಮ್ಮ ಹೊಟೇಲಿನ ಮುಸುರೆ ನೀರಿಗೆ ಅದನ್ನೇ ಒಯ್ದರು. ನೌಬಾದದಿಂದಲೂ ಒಬ್ಬರು ಕೇಳಿ ಹೋಗಿದ್ದಾರೆ. ಇಸ್ಮಾಯಿಲರು ಬೆಳಿಗ್ಗೆ ನೀರು ಹೊರುತ್ತಾರೆ, ಮಧ್ಯಾಹ್ನ ಹೊಲಿಯುತ್ತಾರೆ. ಹೊಲಿಯುವಾಗಲೂ ಕಾಲಿನ ಹೆಬ್ಬೆರಳು ಕುಣಿಯುತ್ತಿರುತ್ತದೆ. ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನಳ ಮುಂದಿನ ವರ್ಷ ಏರಿನ ಮನೆಗೂ ಹತ್ತುತ್ತದೆ ಎಂದು ಊರಲ್ಲಿ ಸುದ್ದಿ. ಅದನ್ನು ಹೇಳಿದರೆ ಇಸ್ಮಾಯಿಲರು ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಗಂಟು ಹಾಕಿ, ಆಮೇಲೆ ಮಾತಾಡುತ್ತಾರೆ.

"ಬರ್ಲಿರಿ. ನಮ್ಮ ಗಲ್ಲಿಗೂ ಬರ್ಲಿ. ಊರಿಗೆಲ್ಲ ನೀರ ಹಾಕಿ ಮನಿಗಿ ಬರೂದ್ರಾಗ ನನ್ನ ಮಶಕ ಖಾಲಿ ಇರ್ತದ, ನಮ್ಮಕಿ ಇವತ್ತಿಗೂ ಕೊಡ ತಗೊಂಡು ಬಾವಿಗಿ ಹೋಗ್ತಾಳ. ನಳ ಎಲ್ಲರ ಮನಿಗೂ ಬರ್ಲಿ. ಅಷ್ಟು ನೀರ ಒಳಗ ಬಂದ ಮ್ಯಾಲ ಹೊರಗ ಹೋಗಾಕ ದಾರಿ ಬೇಕಲ್ರಿ. ಅದನ್ನ ನಾ ಹೊಲೀತೇನಿ."